ಸಾಕಿದ ಪ್ರಾಣಿಯ ಮೈಮೇಲಿನ ಉಣುಗು: ಶ್ರಾವಕನ ಕರ್ತವ್ಯವೇನು?

ಪ್ರಶ್ನೆ ಬಂದದ್ದು ದೂರದೇಶದಿಂದ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ನೆಲೆಸಿರುವ, ಮೂಲತಃ ನಮ್ಮ ಕಡೆಯವರೇ ಆದ ಒಂದು ಶ್ರಾವಕ ಕುಟುಂಬದವರು ಮಗನ ಹಟಕ್ಕೆ ಕಟ್ಟುಬಿದ್ದು ಫೆರೆಟ್ ಎಂಬ ಪ್ರಾಣಿಯನ್ನು ಸಾಕಿದ್ದಾರೆ. ಬೇಸಿಗೆಯಲ್ಲಿ ಅದನ್ನು ಹಗ್ಗ ಕಟ್ಟಿ ಹಿತ್ತಲ ಹುಲ್ಲಿನಲ್ಲಿ ಆಡಿಸಿದಾಗಲೆಲ್ಲ ಅದರ ಕಿವಿಯ ಬುಡದಲ್ಲಿ, ಕೊರಳಿನಲ್ಲಿ ಉಣುಗುಗಳು ಕಚ್ಚಿಕೊಂಡು ಬರುತ್ತವೆ. ಪಶುವೈದ್ಯರು ತಿಂಗಳಿಗೊಮ್ಮೆ ಬೆನ್ನಿನ ಮೇಲೆ ಹಾಕುವ ಔಷಧದ ಹನಿಗಳನ್ನು ಸೂಚಿಸಿದ್ದಾರೆ. ಆ ಹನಿಯಿಂದ ಉಣುಗು ಸಾಯುತ್ತದೆ. ಮನೆಯಲ್ಲಿ ಇರುವೆಗೂ ಪುಡಿ ಹಾಕದ ಆ ತಾಯಿ ಕೇಳುತ್ತಾರೆ: "ಹಾಕಬಹುದೆ? ಹಾಕದಿದ್ದರೆ ಈ ಮೂಕಪ್ರಾಣಿಯ ನೋವಿನ ಪಾಪ ನಮಗಲ್ಲವೆ?"

ಇದು ಚಿಕ್ಕ ಪ್ರಶ್ನೆಯೆಂದು ನಗುವವರು ನಗಲಿ. ಯುದ್ಧವನ್ನೋ ಗಲ್ಲುಶಿಕ್ಷೆಯನ್ನೋ ಕುರಿತು ಅಭಿಪ್ರಾಯ ಹೇಳುವುದು ಸುಲಭ. ಅವು ನಮ್ಮ ಕೈಯಲ್ಲಿಲ್ಲ. ಚಿಮುಟದ ತುದಿಯಲ್ಲಿ ಸಿಕ್ಕಿಬಿದ್ದ ಉಣುಗು ಮಾತ್ರ ನಮ್ಮ ಕೈಯಲ್ಲೇ ಇದೆ. ಅಹಿಂಸಾಣುವ್ರತದ ನಿಜವಾದ ಪರೀಕ್ಷೆ ನಡೆಯುವುದು ಇಂತಹ ಕಡೆಯಲ್ಲಿಯೇ ಎಂದು ನಾನು ಭಾವಿಸುತ್ತೇನೆ.

ಮೊದಲು ಆ ಎರಡು ಜೀವಿಗಳ ಪರಿಚಯವಾಗಲಿ. ಫೆರೆಟ್ ಎಂಬುದು ನೋಟಕ್ಕೆ ನಮ್ಮ ಮುಂಗುಸಿಯನ್ನು ಹೋಲುವುದಾದರೂ ನೀರುನಾಯಿಯ ಬಳಗಕ್ಕೆ ಸೇರಿದುದು. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಪಳಗಿಸಿ, ಬಿಲದೊಳಗಿನ ಮೊಲವನ್ನು ಹೊರಗಟ್ಟಲು ಬೇಟೆಗಾರರು ಬಳಸಿದರು. ತೂಕ ಸಾಮಾನ್ಯವಾಗಿ ಎರಡು ಕಿಲೋ ಮೀರದು. ದಿನದ ಬಹುಭಾಗ ನಿದ್ದೆ. ಆಯುಷ್ಯ ಸುಮಾರು ಆರರಿಂದ ಎಂಟು ವರ್ಷ. ಅದು ಸಂಪೂರ್ಣ ಮಾಂಸಾಹಾರಿ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ತೊಡಕಾಗಿ ಬರಲಿದೆ.

ಕೆಲವು ಕಡೆ ಉಣ್ಣೆಯೆಂದೂ ಕರೆಯಲ್ಪಡುವ ಉಣುಗು ಕೀಟವಲ್ಲ, ಜೇಡ ಮತ್ತು ಚೇಳುಗಳ ವರ್ಗದ್ದು. ಮೊಟ್ಟೆಯೊಡೆದು ಬಂದಾಗ ಆರು ಕಾಲು, ಬೆಳೆದ ಮೇಲೆ ಎಂಟು. ಕನೆಕ್ಟಿಕಟ್ ಸೀಮೆಯಲ್ಲಿ ಕಾಣುವ ಜಿಂಕೆಯ ಉಣುಗು ತನ್ನ ಜೀವಮಾನದಲ್ಲಿ ಮೂರು ಬಾರಿ ಮಾತ್ರ ರಕ್ತವನ್ನು ಹೀರುತ್ತದೆ, ಒಂದೊಂದು ಅವಸ್ಥೆಯಲ್ಲಿ ಒಂದೊಂದು ಬಾರಿ. ನಡುವೆ ತಿಂಗಳುಗಟ್ಟಲೆ ಉಪವಾಸ. ಹುಲ್ಲಿನ ತುದಿಯಲ್ಲಿ ಮುಂಗಾಲುಗಳನ್ನು ಚಾಚಿ ಕಾಯುತ್ತದೆ. ಆ ಮುಂಗಾಲಿನಲ್ಲಿರುವ ಒಂದು ಸೂಕ್ಷ್ಮ ಅಂಗದಿಂದ ಹಾದುಹೋಗುವ ಪ್ರಾಣಿಯ ಉಸಿರನ್ನೂ ಬೆವರಿನ ವಾಸನೆಯನ್ನೂ ಮೈಯ ಬಿಸಿಯನ್ನೂ ಅರಿಯುತ್ತದೆ. ಅದಕ್ಕೆ ಕಣ್ಣಿಲ್ಲ. ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ಹೇನು, ತಿಗಣೆ, ಇರುವೆ, ಚೇಳುಗಳನ್ನು ಸ್ಪರ್ಶ, ರಸ, ಗಂಧಗಳೆಂಬ ಮೂರು ಇಂದ್ರಿಯಗಳುಳ್ಳ ಜೀವಗಳೆಂದು ಎಣಿಸಿದ್ದಾರೆ. ಉಣುಗನ್ನು ಅದೇ ಸಾಲಿನಲ್ಲಿ ಇಡುವುದಕ್ಕೆ ಅಡ್ಡಿಯೇನೂ ಕಾಣುವುದಿಲ್ಲ. ವಿಜ್ಞಾನದಿಂದ ಶಾಸ್ತ್ರಕ್ಕೆ ಪ್ರಮಾಣಪತ್ರ ಬರೆಸಿಕೊಳ್ಳುವ ಚಟ ನನಗಿಲ್ಲ. ಅದು ತ್ರಸಜೀವ, ನೋವನ್ನರಿಯುವ ಜೀವ ಎಂಬಷ್ಟು ಇಲ್ಲಿಗೆ ಸಾಕು.

ಗೃಹಸ್ಥನಿಗೆ ಆಚಾರ್ಯರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಹೇಳಿದ್ದಾರೆ: ಅಡಿಗೆ, ಗುಡಿಸುವಿಕೆ ಮೊದಲಾದ ಮನೆಗೆಲಸದಲ್ಲಿ ಆಗುವ ಆರಂಭೀ, ವ್ಯವಸಾಯ ವ್ಯಾಪಾರಗಳಲ್ಲಿ ಆಗುವ ಉದ್ಯೋಗೀ, ಆಕ್ರಮಣದಿಂದ ತನ್ನನ್ನೂ ತನ್ನವರನ್ನೂ ಕಾಯುವಾಗ ಆಗುವ ವಿರೋಧೀ, ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ. ಮೊದಲ ಮೂರನ್ನು ಶ್ರಾವಕನು ಎಚ್ಚರಿಕೆಯಿಂದ ಕಡಿಮೆ ಮಾಡಿಕೊಳ್ಳಬೇಕು, ನಾಲ್ಕನೆಯದನ್ನು ಬಿಡಲೇಬೇಕು. ಅದೂ ಮನ, ವಚನ, ಕಾಯಗಳಿಂದ. ತಾನು ಮಾಡದೆ, ಮಾಡಿಸದೆ, ಮಾಡಿದ್ದನ್ನು ಒಪ್ಪದೆ. ಜನ್ನನ ಯಶೋಧರಚರಿತೆಯನ್ನು ಕೇಳಿ ಬೆಳೆದ ನಮಗೆ ಸಂಕಲ್ಪದ ಭಾರವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟಿನ ಕೋಳಿಯಲ್ಲಿ ರಕ್ತವಿರಲಿಲ್ಲ, ಆದರೂ ಜನ್ಮಜನ್ಮಾಂತರಗಳ ದುಃಖ ತಪ್ಪಲಿಲ್ಲ. ಸೋಮದೇವ ಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿಯೂ ಒಕ್ಕಲಿಗ ಮತ್ತು ಬೆಸ್ತರ ಹೋಲಿಕೆಯಿಂದ ಇದನ್ನೇ ತಿಳಿಸಿದ್ದಾರೆ: ನೆಲ ಉಳುವಾಗ ಜೀವಗಳು ಸತ್ತರೂ ಒಕ್ಕಲಿಗನ ಮನಸ್ಸು ಬೆಳೆಯ ಮೇಲಿದೆ, ಬಲೆಗೆ ಏನೂ ಬೀಳದ ದಿನವೂ ಬೆಸ್ತನ ಮನಸ್ಸು ಕೊಲೆಯ ಮೇಲಿದೆ.

ಹಾಗಾದರೆ ಔಷಧದ ಹನಿ ಯಾವ ಬಗೆಗೆ ಸೇರುತ್ತದೆ? ಅದಕ್ಕೆ ಉತ್ತರ ಹುಡುಕುವ ಮೊದಲು ಅದು ಬೇಕೇ ಎಂದು ಕೇಳಬೇಕು. ನಮ್ಮವರು ಬಹುಮಟ್ಟಿಗೆ ಈ ಹೆಜ್ಜೆಯನ್ನು ಹಾರಿಬಿಡುತ್ತಾರೆ.

ಉಣುಗಿನ ದೇಹ ಬೇಗನೆ ಒಣಗುವಂತಹದು. ತೇವವಿಲ್ಲದೆ ಅದು ಬದುಕದು. ಆದುದರಿಂದ ಅದರ ವಾಸ ನೆರಳಿನಲ್ಲಿ, ಉದ್ದ ಹುಲ್ಲಿನಲ್ಲಿ, ಕೊಳೆಯುವ ಎಲೆರಾಶಿಯಲ್ಲಿ. ಬಿಸಿಲು ಬೀಳುವ, ಹುಲ್ಲು ಗಿಡ್ಡವಾಗಿರುವ ಜಾಗದಲ್ಲಿ ಅದು ಅಪರೂಪ. ಅಲ್ಲಿಯ ಆರೋಗ್ಯ ಇಲಾಖೆಯವರು ಕಾಡಿಗೂ ಹಿತ್ತಲಿಗೂ ನಡುವೆ ಮೂರು ಅಡಿ ಅಗಲದ ಪಟ್ಟಿಯಲ್ಲಿ ಮರದ ಚಕ್ಕೆಯನ್ನೋ ಜಲ್ಲಿಯನ್ನೋ ಹರಡಲು ಹೇಳುತ್ತಾರೆ. ಒಣ ಪಟ್ಟಿಯನ್ನು ಉಣುಗು ದಾಟಲು ಹಿಂಜರಿಯುತ್ತದೆ. ಇದರಲ್ಲಿ ಯಾವ ಜೀವಕ್ಕೂ ವಿಷವಿಕ್ಕಿದಂತಾಗಲಿಲ್ಲ; ನಡುವೆ ಒಂದು ಗಡಿ ಹಾಕಿದಂತಾಯಿತು. ಫೆರೆಟನ್ನು ಮನೆಯೊಳಗೇ ಆಡಿಸುವುದು ಇನ್ನೂ ಸುಲಭ. ಹುಲ್ಲಿನಲ್ಲಿ ಆಡಲೇಬೇಕೆಂಬ ಹಟ ಫೆರೆಟಿನದಲ್ಲ, ಆಡಿಸುವವರದು. ಹೊರಗೆ ಹೋಗಿಬಂದ ದಿನ ತಲೆಯಿಂದ ಬಾಲದವರೆಗೆ ಬೆರಳಾಡಿಸಿ ನೋಡುವುದು, ಹಾಸಿಗೆ ಬಟ್ಟೆಯನ್ನು ಕೊಡವಿ ಒಗೆಯುವುದು, ಇಷ್ಟನ್ನು ಹತ್ತು ವರ್ಷದ ಮಗುವೂ ಮಾಡಬಲ್ಲದು.

ಕಚ್ಚಿಕೊಂಡಿದ್ದರೆ? ಸಪೂರ ತುದಿಯ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ತಿರುಚದೆ, ಹಿಸುಕದೆ, ಒಂದೇ ಸಮನೆ ನೇರವಾಗಿ ಮೇಲಕ್ಕೆ ಎಳೆಯಬೇಕು. ಬಳಿಕ ಸಾಬೂನು ನೀರಿನಿಂದ ಗಾಯವನ್ನು ತೊಳೆದು ಕೈಯನ್ನೂ ತೊಳೆದುಕೊಳ್ಳಬೇಕು. ನಮ್ಮ ಹಳ್ಳಿಗಳಲ್ಲಿ ಸೀಮೆಎಣ್ಣೆ ಹಚ್ಚುವ, ಬೀಡಿಯ ತುದಿಯಿಂದ ಸುಡುವ ಪದ್ಧತಿಯಿದೆ. ಪರದೇಶದಲ್ಲಿ ವ್ಯಾಸಲೀನ್ ಬಳಿಯುತ್ತಾರಂತೆ. ಇವೆಲ್ಲ ಕೂಡದೆಂದು ವೈದ್ಯರೇ ಹೇಳುತ್ತಾರೆ. ಹಿಂಸೆಗೊಳಗಾದ ಉಣುಗು ತನ್ನ ಹೊಟ್ಟೆಯಲ್ಲಿರುವುದನ್ನು ಗಾಯದೊಳಕ್ಕೇ ಕಾರಬಹುದು. ಉಣುಗಿನ ದೇಹ ಮುರಿಯದ ಹಾಗೆ ಬಿಡಿಸುವುದೇ ಫೆರೆಟಿಗೂ ಕ್ಷೇಮ. ವೈದ್ಯಶಾಸ್ತ್ರದ ಸೂಚನೆಯೂ ದಯೆಯ ಸೂಚನೆಯೂ ಒಂದೇ ಆಗಿರುವ ಸಂದರ್ಭ ಜೀವನದಲ್ಲಿ ಹೆಚ್ಚು ಬರುವುದಿಲ್ಲ, ಇಲ್ಲಿ ಬಂದಿದೆ.

ಆ ಸೀಮೆಯಲ್ಲಿ ಜನರ ಮುಖ್ಯ ಭಯವೆಂದರೆ ಲೈಮ್ ರೋಗ. ಕನೆಕ್ಟಿಕಟ್‌ನ ಲೈಮ್ ಎಂಬ ಊರಿನ ಸುತ್ತ ಮಕ್ಕಳಲ್ಲಿ ಕೀಲುನೋವು ಗುಂಪುಗುಂಪಾಗಿ ಕಾಣಿಸಿಕೊಂಡುದನ್ನು 1975ರಲ್ಲಿ ವೈದ್ಯರು ಪರಿಶೀಲಿಸತೊಡಗಿದ್ದರಿಂದ ಆ ಹೆಸರು. ವಿಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣುಗಿನ ಕರುಳಿನಲ್ಲಿ ಕಂಡ ರೋಗಾಣುವಿನ ವಿವರ 1982ರಲ್ಲಿ ಪ್ರಕಟವಾಯಿತು. ಆ ರೋಗಾಣು ನಮ್ಮ ದೇಹವನ್ನು ಸೇರಬೇಕಾದರೆ ಉಣುಗು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಕಾಲ ಕಚ್ಚಿಕೊಂಡಿರಬೇಕು. ಅಂದರೆ ದಿನಕ್ಕೊಮ್ಮೆ ಮೈ ನೋಡುವ ಎಚ್ಚರ ಬರಿಯ ಸಮಾಧಾನವಲ್ಲ, ನಿಜವಾದ ರಕ್ಷಣೆ. ಇನ್ನೊಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು: ಆ ಉಣುಗು ಹುಟ್ಟುವಾಗ ಲೈಮ್ ರೋಗಾಣುವನ್ನು ಹೊತ್ತು ಹುಟ್ಟುವುದಿಲ್ಲ. ಇಲಿಯ ರಕ್ತದಿಂದ ಅದಕ್ಕೆ ಅಂಟುತ್ತದೆ. ನಾವು ಶತ್ರುವೆಂದು ಕರೆಯುವ ಜೀವ ಸ್ವತಃ ವಾಹಕ ಮಾತ್ರ.

ಈಗ ಚಿಮುಟದಲ್ಲಿ ಸಿಕ್ಕ ಉಣುಗಿನ ಮಾತು. ಅದನ್ನು ಏನು ಮಾಡಬೇಕು? ಅಲ್ಲಿಯ ವೈದ್ಯರ ಸಲಹೆ ಮದ್ಯಸಾರದಲ್ಲಿ ಅದ್ದುವುದು ಅಥವಾ ಶೌಚದಲ್ಲಿ ನೀರು ಹಾಯಿಸುವುದು. ನನ್ನ ತಿಳುವಳಿಕೆಯಂತೆ ವಿರೋಧೀ ಹಿಂಸೆಯ ಅನುಮತಿ ಆಕ್ರಮಣ ನಡೆಯುತ್ತಿರುವವರೆಗೆ ಮಾತ್ರ. ಕಿತ್ತ ಕ್ಷಣದಲ್ಲಿ ಆಕ್ರಮಣ ಮುಗಿಯಿತು. ಬಿಡಿಸುವಾಗ ಬಾಯಿಯ ಭಾಗ ಮುರಿದು ಅದು ಸತ್ತರೆ ನಮ್ಮ ಉದ್ದೇಶ ರಕ್ಷಣೆಯಾಗಿತ್ತು. ಬಿಡಿಸಿದ ಮೇಲೆ ಕೊಂದರೆ ಉಳಿಯುವುದು ಕೋಪ, ಇಲ್ಲವೇ ಅಸಹ್ಯ. ಇವೆರಡನ್ನೂ ರಕ್ಷಣೆಯೆಂದು ಕರೆಯಲಾಗದು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಬಿಟ್ಟರೆ ಅದು ನೆರೆಮನೆಯ ಮಗುವನ್ನು ಕಚ್ಚಬಹುದು, ರಕ್ತ ಕುಡಿದು ತುಂಬಿದ ಹೆಣ್ಣಾದರೆ ಸಾವಿರಾರು ಮೊಟ್ಟೆಯಿಡಬಹುದು. ಒಂದನ್ನು ಕೊಂದು ಹಲವರನ್ನು ಉಳಿಸುವುದು ದಯೆಯಲ್ಲವೆ ಎಂದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೆಚ್ಚುಕಡಮೆ ಇದೇ ವಾದವನ್ನು ಎತ್ತಿಕೊಂಡು ನಿರಾಕರಿಸಿದ್ದಾರೆ. ಒಂದು ಹಿಂಸ್ರಜೀವವನ್ನು ಕೊಂದರೆ ಅನೇಕ ಜೀವಗಳ ರಕ್ಷಣೆಯಾಗುತ್ತದೆಂದು ಬಗೆದು ಕೊಲ್ಲಬಾರದು. ಬದುಕಿದರೆ ಅದು ಇನ್ನಷ್ಟು ಪಾಪ ಕಟ್ಟಿಕೊಳ್ಳುತ್ತದೆಂಬ ಕನಿಕರದಿಂದಲೂ ಕೊಲ್ಲಬಾರದು ಎಂಬುದು ಅವರ ನಿಲುವು. ಈ ಲೆಕ್ಕ ಏಕೆ ತಪ್ಪೆಂದು ತಿಳಿಯಲು ಫೆರೆಟಿನ ಚರಿತ್ರೆಯನ್ನೇ ನೋಡಬಹುದು. ನ್ಯೂಜಿಲೆಂಡಿನಲ್ಲಿ ವಲಸೆ ಬಂದವರು ತಂದುಬಿಟ್ಟ ಮೊಲಗಳು ಹೆಚ್ಚಿ ಹುಲ್ಲುಗಾವಲು ಹಾಳಾಗತೊಡಗಿತು. ಮೊಲ ಕೊಲ್ಲಿಸಲೆಂದು 1880ರ ದಶಕದಲ್ಲಿ ಫೆರೆಟ್‌ಗಳನ್ನು ತಂದು ಬಿಟ್ಟರು. ಮೊಲಗಳು ಮುಗಿಯಲಿಲ್ಲ. ಹಾರಲಾರದ ಕಿವಿ ಮೊದಲಾದ ನಿರಪರಾಧಿ ಪಕ್ಷಿಗಳು ಅವಕ್ಕೆ ತುತ್ತಾದವು. ಕೊನೆಗೆ 2002ರಲ್ಲಿ ಆ ದೇಶದಲ್ಲಿ ಫೆರೆಟಿನ ಮಾರಾಟವನ್ನೂ ಸಂತಾನವೃದ್ಧಿಯನ್ನೂ ನಿಷೇಧಿಸಬೇಕಾಯಿತು. ಒಂದನ್ನು ಕೊಂದು ಹಲವನ್ನು ಉಳಿಸುವ ಗಣಿತದಲ್ಲಿ ಖರ್ಚಿನ ಪುಟ ಯಾವಾಗಲೂ ತಡವಾಗಿ ತೆರೆದುಕೊಳ್ಳುತ್ತದೆ.

ಆದರೂ ನೆರೆಮನೆಯ ಮಗುವಿನ ಮಾತನ್ನು ಶಾಸ್ತ್ರವಾಕ್ಯದ ಹಿಂದೆ ಅಡಗಿಸಿಡುವಂತಿಲ್ಲ. ಬಿಡುವವರು ಮನುಷ್ಯರೂ ಸಾಕುಪ್ರಾಣಿಗಳೂ ಓಡಾಡದ ಕಾಡಿನ ಎಲೆರಾಶಿಯಲ್ಲಿಯೇ ಬಿಡಬೇಕು. ಹಿತ್ತಲಿನ ಬೇಲಿಯಾಚೆ ಎಸೆದು ಕೈತೊಳೆದುಕೊಳ್ಳುವುದು ಪ್ರಮಾದ. ಅಷ್ಟು ದೂರ ನಡೆಯಲು ಬೇಸರಪಡುವವರು ತಮ್ಮ ಅಹಿಂಸೆಯ ಬೆಲೆಯನ್ನು ನೆರೆಯವರಿಂದ ಕೊಡಿಸುತ್ತಿದ್ದಾರೆ ಎಂದೇ ಹೇಳಬೇಕಾಗುತ್ತದೆ. ಮನೆಯವರಲ್ಲಿ ಯಾರಿಗಾದರೂ ಕಚ್ಚಿ, ವೈದ್ಯರು ಪರೀಕ್ಷೆಗೆಂದು ಆ ಉಣುಗನ್ನು ತರಹೇಳಿದರೆ ಮುಚ್ಚಿದ ಸೀಸೆಯಲ್ಲಿ ಕೊಂಡೊಯ್ಯಲಿ. ರೋಗಿಯ ಚಿಕಿತ್ಸೆಗೆ ಅಡ್ಡಬರುವಷ್ಟು ಹಟ ಗೃಹಸ್ಥನಿಗೆ ವಿಹಿತವಲ್ಲ.

ಇನ್ನು ಹನಿಯ ವಿಚಾರ. ಫಿಪ್ರೋನಿಲ್ ಎಂಬ ದ್ರವ್ಯ ಚರ್ಮದ ಎಣ್ಣೆಯಲ್ಲಿ ಹರಡಿಕೊಂಡು ವಾರಗಟ್ಟಲೆ ನಿಲ್ಲುತ್ತದೆ; ತಾಗಿದ ಉಣುಗಿನ ನರಗಳು ಕೆಟ್ಟು ಸಾಮಾನ್ಯವಾಗಿ ಎರಡು ದಿನದೊಳಗೆ ಅದು ಸಾಯುತ್ತದೆ. ಯುರೋಪಿನಲ್ಲಿ ಬೆಕ್ಕಿಗೂ ಫೆರೆಟಿಗೂ ಒಟ್ಟಾಗಿ ಅನುಮತಿ ಪಡೆದ ಇಂತಹ ಔಷಧವಿದೆ. ಅಮೆರಿಕದಲ್ಲಿ ಫೆರೆಟಿನ ಹೆಸರಿನಲ್ಲಿ ಅನುಮತಿ ಪಡೆದಿರುವ ಹನಿ ಚಿಗಟೆಗೂ ಹೃದಯದ ಹುಳುವಿಗೂ ಮೀಸಲಾದುದು; ಉಣುಗಿಗೆ ವೈದ್ಯರು ಬೆಕ್ಕಿನ ಔಷಧವನ್ನು ತಮ್ಮ ಹೊಣೆಯ ಮೇಲೆ ಅಳತೆಮಾಡಿ ಕೊಡುತ್ತಾರೆ. ನಾಯಿಗಾಗಿ ತಯಾರಾದ, ಪರ್ಮೆಥ್ರಿನ್ ಅಥವಾ ಅಮಿಟ್ರಾಜ್ ಸೇರಿದ ಔಷಧವನ್ನು ಅಂಗಡಿಯಿಂದ ತಂದು ಹಾಕಬಾರದು. ಕಿಲೋ ತೂಕದ ಆ ಪುಟ್ಟ ದೇಹಕ್ಕೆ ಅದೇ ವಿಷವಾದೀತು.

ಪ್ರತಿ ತಿಂಗಳೂ, ಉಣುಗು ಇರಲಿ ಬಿಡಲಿ, ಮುಂದೆ ಹತ್ತಬಹುದಾದ ಜೀವಗಳಿಗಾಗಿ ಮೊದಲೇ ವಿಷವನ್ನು ಹರಡಿಡುವುದು ಬಲೆ ಹರಡಿ ಕೂರುವುದಕ್ಕೆ ತೀರ ಹತ್ತಿರ. ದಿನಕ್ಕೆ ಐದು ನಿಮಿಷ ಬೆರಳಾಡಿಸುವುದರಿಂದ ತಪ್ಪಿಸಬಹುದಾದುದನ್ನು ಅನುಕೂಲಕ್ಕಾಗಿ ಹೀಗೆ ಮಾಡಿದರೆ ಅದನ್ನು ಆರಂಭೀ ಎಂದು ಹೆಸರಿಸಲು ನನ್ನ ಮನಸ್ಸು ಒಪ್ಪದು. ವೈದ್ಯರ ಕೈಯಿಂದ ಹಾಕಿಸಿದರೂ ಹೊಣೆ ಕಳೆಯುವುದಿಲ್ಲ. ಮಾಡಿಸುವುದು ಮಾಡುವುದಕ್ಕಿಂತ ಕಡಮೆಯಲ್ಲ. ಆದರೆ ಪ್ರಾಣಿಯ ಮೈತುಂಬ ಉಣುಗು ಹತ್ತಿ, ರಕ್ತಹೀನತೆಯಿಂದ ಒಸಡು ಬಿಳಿಚಿಕೊಂಡು, ಕೈಯಿಂದ ಬಿಡಿಸುವುದು ಅಸಾಧ್ಯವಾದ ಸ್ಥಿತಿ ಬೇರೆ. ಅಲ್ಲಿ ಮುಂದಿರುವುದು ನಮ್ಮನ್ನೇ ನಂಬಿದ ಪಂಚೇಂದ್ರಿಯ ಜೀವ. ಸ್ವತಃ ಓಡಿಹೋಗಲಾರದು, ನಾವೇ ಕಟ್ಟಿಹಾಕಿದ್ದೇವೆ. ಆಗ ವೈದ್ಯರ ಮಾತಿನಂತೆ ಔಷಧವನ್ನು ಹಾಕಿ, ಆದ ಹಿಂಸೆಯನ್ನು ಹಿಂಸೆಯೆಂದೇ ಒಪ್ಪಿಕೊಂಡು ಪ್ರತಿಕ್ರಮಣ ಮಾಡುವುದು ಗೃಹಸ್ಥನ ದಾರಿ. ಹಿಂಸೆಗೆ ದಯೆಯ ಹೆಸರಿಟ್ಟು ಹಗುರಾಗುವುದು ಮಾತ್ರ ಬೇಡ.

ನಾನು ವ್ಯಾಪಾರಿ. ಧಾನ್ಯದ ಗೋದಾಮಿನಲ್ಲಿ ಹುಳುವಿನ ಪ್ರಶ್ನೆ ಪ್ರತಿ ಮಳೆಗಾಲಕ್ಕೂ ಬರುತ್ತದೆ. ವಿಷದ ಮಾತ್ರೆ ಇಟ್ಟು ಬಾಗಿಲು ಮುಚ್ಚುವುದು ಒಂದು ದಾರಿ. ಹುಳು ಬೀಳುವ ಮೊದಲೇ ಮಾರಿಹೋಗುವಷ್ಟು ಮಾತ್ರ ಸರಕು ಕೊಳ್ಳುವುದು, ಬಂದುದನ್ನು ಚೆನ್ನಾಗಿ ಒಣಗಿಸಿ ಕಟ್ಟುವುದು ಇನ್ನೊಂದು. ಎರಡನೆಯದರಲ್ಲಿ ಲಾಭ ಸ್ವಲ್ಪ ಕಡಮೆ, ನಿಗಾ ಹೆಚ್ಚು. ಗೋದಾಮು ಕಲಿಸಿದ ಪಾಠವೆಂದರೆ ಕೊಲ್ಲುವ ಪ್ರಸಂಗ ಬಹುಪಾಲು ಕೊಳ್ಳುವ ದಿನವೇ ನಿಶ್ಚಯವಾಗಿಹೋಗಿರುತ್ತದೆ ಎಂಬುದು.

ಆ ದೃಷ್ಟಿಯಿಂದ ಫೆರೆಟಿನ ಲೆಕ್ಕದಲ್ಲಿ ಉಣುಗು ಕೊನೆಯ ಸಾಲು. ಮೊದಲ ಸಾಲು ಖರೀದಿಯದು. ಅಹಿಂಸಾಣುವ್ರತಕ್ಕೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ಅತಿಚಾರಗಳು ಐದು: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಅಮೆರಿಕದ ಅಂಗಡಿಗಳಲ್ಲಿ ಮಾರಾಟವಾಗುವ ಫೆರೆಟಿನ ಮರಿಗಳಿಗೆ ಬಹುಮಟ್ಟಿಗೆ ಕೆಲವೇ ವಾರಗಳ ವಯಸ್ಸಿನಲ್ಲಿ ಬೀಜ ತೆಗೆದು, ವಾಸನೆಯ ಗ್ರಂಥಿಗಳನ್ನೂ ಕತ್ತರಿಸಿರುತ್ತಾರೆ; ಕೊಳ್ಳುವವರ ಮೂಗಿಗೆ ಒಗ್ಗಲಿ ಎಂದು. ಛೇದ ಅಲ್ಲಿಯೇ ಆಯಿತು. ಪಂಜರದಲ್ಲಿಟ್ಟಾಗ ಬಂಧನವಾಯಿತು. ಇನ್ನು ಆಹಾರ. ಅದರ ಕರುಳು ಮಾಂಸಕ್ಕೆಂದೇ ರಚಿತವಾದ ಚಿಕ್ಕ ಕರುಳು. ಬೇಳೆಕಾಳುಗಳ ಸತ್ತ್ವ ಹೆಚ್ಚಾಗಿರುವ ಆಹಾರ ತಿನ್ನಿಸಿದರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ. ಮಾಂಸ ತಂದರೆ ಕೊಲೆಯನ್ನು ಮಾಡಿಸಿದಂತೆ, ತರದಿದ್ದರೆ ಅನ್ನಪಾನನಿರೋಧ. ಎರಡೂ ಕಡೆಯಿಂದ ಬಾಗಿಲು ಮುಚ್ಚಿದೆ. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆ ಅನರ್ಥದಂಡದಲ್ಲಿ ಏಕೆ ಸೇರಿಸಿತೆಂಬುದು ಈಗ ಅರ್ಥವಾದೀತು. ಆ ಪ್ರಾಣಿಗಳ ಮೇಲಿನ ದ್ವೇಷ ಅದಕ್ಕೆ ಕಾರಣವಲ್ಲ. ಅವನ್ನು ನಮ್ಮದಾಗಿಸಿಕೊಂಡಾಗ ಅವುಗಳ ಬೇಟೆಯೂ ನಮ್ಮ ಖಾತೆಗೆ ಬೀಳುತ್ತದೆ.

ತಂದಾಗಿದೆಯಲ್ಲ, ಈಗೇನು? ಕಾಡಿಗೆ ಬಿಡುವುದು ಸರ್ವಥಾ ಸಲ್ಲದು. ಸಾಕಿದ ಫೆರೆಟಿಗೆ ಹೊರಗೆ ಬಾಳುವ ಬಲವಿಲ್ಲ, ಬಾಳಿದರೆ ನ್ಯೂಜಿಲೆಂಡಿನಲ್ಲಿ ಆದುದು ಆದೀತು. ಅದರ ಆಯುಷ್ಯವಿರುವವರೆಗೆ ಅದು ಋಣ. ಜೀವದಯಾ ಸಂಸ್ಥೆಗಳು ನೋಡಿಕೊಳ್ಳಲು ಒಪ್ಪಿದರೆ ಒಪ್ಪಿಸಬಹುದು. ಇಲ್ಲವಾದರೆ ಅದರ ಆಹಾರದ ದೋಷವನ್ನು ತಲೆಬಾಗಿ ಹೊತ್ತು, ಮೈಯ ಉಣುಗನ್ನು ದಿನವೂ ತೆಗೆದು, ಇನ್ನೊಂದನ್ನು ತರುವುದಿಲ್ಲವೆಂದು ನಿಯಮ ತೆಗೆದುಕೊಳ್ಳಬೇಕು. ಮಗನಿಗೆ ಪ್ರಾಣಿಗಳ ಮೇಲೆ ಪ್ರೀತಿಯಿದೆಯೆಂದು ಆ ತಾಯಿ ಬರೆದಿದ್ದಾರೆ. ಆ ಪ್ರೀತಿಯನ್ನು ಚಿವುಟಬೇಡಿ, ಮೈ ನೋಡುವ ಕೆಲಸವನ್ನು ಅವನಿಗೇ ವಹಿಸಿ ಎಂದು ಉತ್ತರಿಸಿದ್ದೇನೆ.

ಇದನ್ನು ಓದಿ, ಪರದೇಶದವರ ಗೊಡವೆ ನಮಗೇಕೆ ಎನ್ನುವವರು ನಮ್ಮ ಮಲೆನಾಡನ್ನು ನೆನೆಯಲಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯೂ ಉಣುಗಿನಿಂದಲೇ ಹರಡುವುದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಜೀವಗಳನ್ನು ಬಲಿತೆಗೆದುಕೊಂಡಿತು. ಹೊಂಬುಜ ಕ್ಷೇತ್ರ ಇರುವುದೂ ಅದೇ ಜಿಲ್ಲೆಯಲ್ಲಿ. ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಉಣುಗನ್ನು ಮೈಗೆ ಹತ್ತಗೊಡದೆ ದೂರವಿಡುವಂತಹದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಆ ಕಡೆ ಓಡಾಡುವ ಶ್ರಾವಕರು ಅದನ್ನು ಹಚ್ಚಿಕೊಳ್ಳಲು ಯಾವ ಸಂಕೋಚವೂ ಬೇಡ.

ಇನ್ನು ನಮ್ಮ ಬಸದಿಗಳ, ಟ್ರಸ್ಟುಗಳ ಗೋಶಾಲೆಗಳು. ಅಲ್ಲಿ ಆಳುಗಳು ಹಸುವಿನ ಕೊರಳ ಕೆಳಗಿನಿಂದ, ಕೆಚ್ಚಲಿನ ಸಂದಿನಿಂದ ಉಣುಗುಗಳನ್ನು ಕಿತ್ತು ಬೆಂಕಿಗೋ ಸೀಮೆಎಣ್ಣೆಯ ಡಬ್ಬಿಗೋ ಹಾಕುವುದುಂಟು. ಆಡಳಿತ ಮಂಡಳಿಯವರು ಕಂಡೂ ಕಾಣದಂತೆ ಇರುತ್ತಾರೆ. ಅನುಮೋದನೆ ಎಂದರೆ ಇದೇ ಅಲ್ಲವೆ? ಉಣುಗಿನಿಂದ ಹಸುಗಳಿಗೆ ಥೈಲೇರಿಯಾ, ಬೆಬಿಸಿಯಾಗಳಂತಹ ಮಾರಕ ಜ್ವರಗಳು ಬರುವುದರಿಂದ ಸುಮ್ಮನಿರುವುದೂ ದಯೆಯಲ್ಲ. ಹೊಸದಾಗಿ ಬಂದ ಹಸುವನ್ನು ಕೆಲವು ದಿನ ಬೇರೆ ಕಟ್ಟಿ ಮೈ ನೋಡುವುದು, ಉಣುಗು ಸೇರಿ ಮೊಟ್ಟೆಯಿಡುವ ಮೊದಲೇ ಗೋಡೆಯ ಬಿರುಕುಗಳಿಗೆ ಗಾರೆ ಮೆತ್ತಿ ಸುಣ್ಣ ಬಳಿಯುವುದು, ಸಗಣಿ ಕಸಗಳನ್ನು ಅಂದಂದೇ ದೂರ ಸಾಗಿಸುವುದು, ದಿನವೂ ಮೈಯುಜ್ಜುವುದು, ಕಿತ್ತುದನ್ನು ದನ ಮೇಯದ ಕಡೆಗೆ ಒಯ್ದು ಬಿಡುವುದು, ಇಷ್ಟು ನಡೆದರೆ ಔಷಧದ ಪ್ರಸಂಗ ಬಹಳಷ್ಟು ಕಡಮೆಯಾಗುತ್ತದೆ. ಇಷ್ಟಕ್ಕೆ ಆಳು ಸಾಲದೆಂಬುದು ಟ್ರಸ್ಟುಗಳು ಯಾವಾಗಲೂ ಕೊಡುವ ಉತ್ತರ. ಬರುವ ವರ್ಷದ ಅಂದಾಜುಪಟ್ಟಿಯಲ್ಲಿ ಗೋಶಾಲೆಯ ಔಷಧದ ಬಾಬತ್ತಿಗಿಂತ ಮೊದಲು ಮೈಯುಜ್ಜುವ ಒಬ್ಬ ಆಳಿನ ಸಂಬಳವನ್ನು ಬರೆದು ನೋಡಬೇಕೆಂದು ಮಂಡಳಿಗಳ ಕಾರ್ಯದರ್ಶಿಗಳಲ್ಲಿ ನನ್ನ ಕೋರಿಕೆ.